ದೋಣಿಯ ಮುಖ ಎಡಕ್ಕೆ

ಕಾರವಾರದಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಮದುವೆ ಕಾರ್ಡು, ಶ್ರದ್ಧಾಂಜಲಿಯ ಫ್ಲೆಕ್ಸು, ದೋಣಿಗಳಿಗೆ ಹೆಸರಿನ ಸ್ಟಿಕ್ಕರು, ಇದೇ ಹೊಟ್ಟೆಪಾಡು. ಸಂಜೆ ಬೀಚಿನಲ್ಲಿ ಫುಟ್‌ಬಾಲ್ ಆಡುವ ನಮ್ಮ ಕೇರಿಯ ಹುಡುಗರು ಬಂದು, "ಅಣ್ಣಾ, ಗೋವಾಕ್ಕೆ ಆಡ್ಲಿಕ್ಕೆ ಹೋಗ್ತಾ ಇದ್ದೇವೆ, ಟೀಮಿಗೊಂದು ಲೋಗೋ ಮಾಡಿಕೊಡಿ" ಅಂದಾಗ ಅರ್ಧ ದಿನದ ಕೆಲಸ ಅಂದುಕೊಂಡೆ. ಹಿಡಿದದ್ದು ನಾಲ್ಕು ತಿಂಗಳು.

ಮೊದಲ ಸಲ ಗುರಾಣಿಯೊಂದರ ಒಳಗೆ ಸದಾಶಿವಗಡ, ಕಾಳಿ ಸೇತುವೆ, ದೀಪಸ್ತಂಭ, ದೋಣಿ, ಬಂಗಡೆ, ಚೆಂಡು ಎಲ್ಲವನ್ನೂ ತುರುಕಿದ್ದೆ. ಕೆಳಗೆ ರಿಬ್ಬನ್ ಮೇಲೆ ಸಂಸ್ಕೃತದ ಘೋಷವಾಕ್ಯ ಬೇರೆ. ಪರದೆ ತುಂಬ ಹಿಗ್ಗಿಸಿ ತೋರಿಸಿದೆ, ಹುಡುಗರು ಕುಣಿದಾಡಿದರು. ಜರ್ಸಿಯ ಎದೆಯ ಮೇಲೆ ಅದಕ್ಕೆ ಸಿಗುವ ಜಾಗ 7 ಸೆಂಟಿಮೀಟರು ಅನ್ನುವುದು ಯಾರಿಗೂ ಹೊಳೆಯಲಿಲ್ಲ.

ಎಂಬ್ರಾಯ್ಡರಿಯವನಿಂದ ಸ್ಯಾಂಪಲ್ ಬಂತು. ಸೇತುವೆ ಬಾಚಣಿಗೆಯಾಗಿತ್ತು, ಬಂಗಡೆ ಒಣಮೆಣಸಿನಕಾಯಿ. ಘೋಷವಾಕ್ಯದ ಜಾಗದಲ್ಲಿ ದಾರದ ಗಂಟು. 5 ಮಿಲಿಮೀಟರಿಗಿಂತ ಚಿಕ್ಕ ಅಕ್ಷರವನ್ನು ಸೂಜಿಗೆ ಕೊಡಬಾರದಂತೆ. ಒಂದೇ ಕಡೆ ಚುಚ್ಚಿ ಚುಚ್ಚಿ ಬಟ್ಟೆಯೇ ಮುದುಡುತ್ತದೆ. ಹೊನ್ನಾವರ, ಯಲ್ಲಾಪುರದವರಿಗಿರುವ ಒತ್ತಕ್ಷರದ ಕಾಟ ನಮ್ಮೂರಿನ ಹೆಸರಿಗಿಲ್ಲ ಎಂದು ನಾನು ಬೀಗಿದ್ದೆ. ಆದರೆ 'ರ'ದ ತಲೆಕಟ್ಟು ಕೆಳಗಿನ ಸುತ್ತಿಗೆ ಅಂಟಿಕೊಂಡು ಬರೀ ಸೊನ್ನೆ ಉಳಿದಿತ್ತು. ಕಾರವಾರ ಹೋಗಿ 'ಕಾಂವಾಂ'. ಎರಡು ವಾರ ಎಲ್ಲರೂ ಇವರನ್ನು ಕಾಗೆ ಟೀಮು ಅಂತಲೇ ಕರೆದರು. ಕೊನೆಗೆ ಫಾಂಟ್ ಬಿಟ್ಟು ಅಕ್ಷರಗಳನ್ನು ಕೈಯಲ್ಲೇ ಬರೆದೆ, ತಲೆಕಟ್ಟಿನ ಕೆಳಗೆ 1 ಮಿಲಿಮೀಟರ್ ಖಾಲಿ ಬಿಟ್ಟು. ಇಂಗ್ಲಿಷಿನಲ್ಲಿ ಹಾಕಿದರೆ ಈ ತೊಂದರೆಯೇ ಇಲ್ಲ ಅಂದ ಒಬ್ಬ. ಮನೆಯಲ್ಲಿ ಕೊಂಕಣಿ ಆಡುವ ಹುಡುಗರೇ ಬೇಡ ಅಂದರು.

ದೊಡ್ಡ ಫುಟ್‌ಬಾಲ್ ಕ್ಲಬ್ಬುಗಳು ಲೋಗೋಗೆ ಏನು ಮಾಡಿವೆ ಎಂದು ನೋಡತೊಡಗಿದ್ದು ಆಮೇಲೆ. ಲಂಡನ್ನಿನ ಆರ್ಸೆನಲ್ ಹುಟ್ಟಿದ್ದು ವುಲಿಚ್‌ನ ಶಸ್ತ್ರಾಸ್ತ್ರ ಕಾರ್ಖಾನೆಯ ಕೆಲಸಗಾರರಿಂದ, ಅದಕ್ಕೇ ಫಿರಂಗಿ. ಹಳೆಯ ಲಾಂಛನದಲ್ಲಿ ಲ್ಯಾಟಿನ್ ಘೋಷವಾಕ್ಯ, ಅದು ಇದು ಎಲ್ಲ ಸೇರಿ ಹಕ್ಕುಸ್ವಾಮ್ಯ ಪಡೆಯುವುದೇ ತೊಡಕಾಗಿತ್ತು. 2002ರಲ್ಲಿ ಅವನ್ನೆಲ್ಲ ಕಿತ್ತುಹಾಕಿದರು, ಎಡಕ್ಕಿದ್ದ ಫಿರಂಗಿಯ ಬಾಯಿಯೂ ಬಲಕ್ಕೆ ಹೊರಳಿತು. ಇಟಲಿಯ ಯುವೆಂಟಸ್ 2017ರಲ್ಲಿ ಬರೀ 'ಜೆ' ಅಕ್ಷರಕ್ಕೆ ಇಳಿಯಿತು. ನನಗದು ಬಟ್ಟೆ ಅಂಗಡಿಯ ಗುರುತಿನ ಹಾಗೆ ಕಾಣುತ್ತದೆ. ನನಗೆ ಹಿಡಿಸಿದ್ದು ನೆದರ್ಲೆಂಡ್ಸಿನ ಅಯಾಕ್ಸ್‌ನವರ ಕೆಲಸ: ಗ್ರೀಕ್ ವೀರನ ಮುಖವನ್ನು 11 ಆಟಗಾರರ ಲೆಕ್ಕಕ್ಕೆ 11 ಗೆರೆಗಳಲ್ಲಿ ಮುಗಿಸಿದ್ದರು. ಅಭಿಮಾನಿಗಳಿಗೆ ಮಾತ್ರ ಹಳೆಯ ಮುಖವೇ ಬೇಕಿತ್ತು, ಈಗ ಅದೇ ಮರಳಿ ಬಂದಿದೆ.

ಗೆರೆ ಎಣಿಸುವ ಹುಚ್ಚು ನನಗೂ ಹತ್ತಿತು. ಗಡ ಹೋಯಿತು, ಸೇತುವೆ ಹೋಯಿತು, ಬಂಗಡೆಯನ್ನು ಮಾತ್ರ ಬಹಳ ಸಂಕಟದಿಂದ ಬಿಟ್ಟೆ. ಉಳಿದದ್ದು ದೋಣಿ. "ಮೋಹನ್ ಬಾಗಾನ್‌ದೂ ದೋಣಿಯೇ ಅಲ್ವಾ, ಕಾಪಿ ಅಂತಾರೆ" ಎಂದು ಗೋಲ್‌ಕೀಪರ್ ತಗಾದೆ ತೆಗೆದ. ಕೋಲ್ಕತ್ತಾದ ಆ ಕ್ಲಬ್ಬಿನದು ಹಾಯಿದೋಣಿ. ನಾನು ನಮ್ಮ ಪಾತಿದೋಣಿ ಬರೆದೆ, ಪಕ್ಕದಲ್ಲಿ ಎರಡು ಕೋಲಿಗೆ ಕಟ್ಟಿದ ತೇಲುಮರದ ಸಮೇತ. ಒಟ್ಟು ಏಳೇ ಗೆರೆ.

2018ರಲ್ಲಿ ಇಂಗ್ಲೆಂಡಿನ ಲೀಡ್ಸ್ ಯುನೈಟೆಡ್ ಕ್ಲಬ್ಬು ಎದೆಗೆ ಮುಷ್ಟಿ ಇಟ್ಟ ಮನುಷ್ಯನ ಲಾಂಛನ ತಂದು, ಅಭಿಮಾನಿಗಳು ಸಿಡಿದೆದ್ದ ಮೇಲೆ ಹಿಂದೆ ಸರಿದದ್ದನ್ನು ಓದಿದ್ದೆ. ವೇಲ್ಸ್‌ನ ಕಾರ್ಡಿಫ್ ಕ್ಲಬ್ಬಿನ ಮಾಲೀಕರು 2012ರಲ್ಲಿ ನೀಲಿ ತಂಡಕ್ಕೆ ಕೆಂಪು ತೊಡಿಸಿ, 2015ರಲ್ಲಿ ಮತ್ತೆ ನೀಲಿಗೆ ಮರಳಬೇಕಾಯಿತು. ಹಾಗಾಗಿ ಹೊಲಿಗೆಗೆ ಕೊಡುವ ಮೊದಲು ಪ್ರಿಂಟ್ ತೆಗೆದುಕೊಂಡು ಬೈತಖೋಲ್ ಬಂದರಿಗೆ ಹೋದೆ. ಬಲೆ ಹೆಣೆಯುತ್ತ ಕೂತಿದ್ದ ಹಿರಿಯ ತಾಂಡೇಲರೊಬ್ಬರು, ಅಂದರೆ ದೋಣಿ ನಡೆಸುವ ಮುಖ್ಯಸ್ಥರು, ಕಾಗದವನ್ನು ದೂರ ಹಿಡಿದು ನೋಡಿದರು.

"ತಮಾ, ಇದು ಎಲ್ಲಿಯ ದೋಣಿ?"

"ನಮ್ಮದೇ, ಮಾಮಾ."

"ನಮ್ಮದಾದ್ರೆ ತೇಲುಮರ ಎಡಕ್ಕೆ ಇರ್ಬೇಕಲ್ಲ."

ಸರಿಯೇ. ಮೂತಿಯನ್ನು ಬಲಕ್ಕೆ ತಿರುಗಿಸಿ ತೇಲುಮರವನ್ನು ನೋಡುವವರ ಎದುರಿಗೆ ಬರೆದಿದ್ದೆ, ಅಂದರೆ ಅದು ದೋಣಿಯ ಬಲಕ್ಕಾಯಿತು. ಹುಟ್ಟಿದಾಗಿನಿಂದ ನೋಡಿದ ದೋಣಿ, ಒಮ್ಮೆಯೂ ನೋಡಿರಲಿಲ್ಲ! ಕೋರಲ್‌ಡ್ರಾದಲ್ಲಿ ಒಂದೇ ಕ್ಲಿಕ್ಕಿಗೆ ದೋಣಿ ಮಗುಚಿ ಮೂತಿ ಎಡಕ್ಕೆ ಬಂತು.

ಜರ್ಸಿ ಬಂದವು. ಹುಡುಗರು ಗೋವಾದಲ್ಲಿ ಮೊದಲ ಪಂದ್ಯವನ್ನೇ ಸೋತು ಬಂದರು, ಅದು ಬೇರೆ ಮಾತು. ಒಂದು ಜರ್ಸಿಯನ್ನು ತಾಂಡೇಲ ಮಾಮನಿಗೆ ಕೊಟ್ಟೆವು. ತೊಡಲಿಲ್ಲ, ಬೆರಳಿನಿಂದ ದೋಣಿಯನ್ನು ಸವರಿ, "ಹುಟ್ಟು ಎಲ್ಲಿ?" ಅಂದರು. ಜಾಗ ಇಲ್ಲ ಮಾಮಾ ಅಂದೆ. "ಮತ್ತೆ ದೋಣಿ ಮುಂದೆ ಹೋಗುದು ಹ್ಯಾಂಗೆ?"

ಈಗ ಹುಡುಗರಿಗೆ ಹುಟ್ಟು ಬೇಕಂತೆ. ಆ ಫೈಲಿಗೆ ಪಾಸ್‌ವರ್ಡ್ ಹಾಕಿಟ್ಟಿದ್ದೇನೆ.