ಹೆಸರು ಹೊರಬೀಳದ ಹಾಗೆ ಅರ್ಜಿ ಹಾಕಿಸುವುದು

ಎಚ್‌ಐವಿ ಪಾಸಿಟಿವ್ ಅಂತ ಗೊತ್ತಾಗಿ ಬಂದವರಿಗೆ ಮೊದಲ ದಿನವೇ ನಾನು ಯೋಜನೆಗಳ ಬಗ್ಗೆ ಹೇಳುವುದಿಲ್ಲ. ಆವತ್ತು ಏನು ಹೇಳಿದರೂ ತಲೆಗೆ ಹೋಗುವುದಿಲ್ಲ. ಒಂದು ಮಾತು ಮಾತ್ರ ಬಿಡಿಸಿ ಹೇಳುತ್ತೇನೆ. ಎಚ್‌ಐವಿ ಬಂತು ಅಂದರೆ ಏಡ್ಸ್ ಬಂತು ಅಂತ ಅಲ್ಲ. ವೈರಸ್ ರೋಗದ ವಿರುದ್ಧ ಹೋರಾಡುವ ಸಿಡಿ4 ಅನ್ನುವ ಬಿಳಿ ರಕ್ತಕಣಗಳನ್ನು ಹಾಳು ಮಾಡುತ್ತಾ ಹೋಗಿ, ದೇಹ ತೀರಾ ಸೋತು, ಟಿಬಿಯಂಥ ಕಾಯಿಲೆಗಳು ಮೈ ಹತ್ತುವ ಹಂತ ಏಡ್ಸ್. ಹಿಂದೆ ಚಿಕಿತ್ಸೆ ಶುರುವಾಗಲು ಸಿಡಿ4 ಇಳಿಯುವ ತನಕ ಕಾಯಬೇಕಿತ್ತು. 2017ರಿಂದ ಹಾಗಿಲ್ಲ, ಪಾಸಿಟಿವ್ ಬಂದ ಎಲ್ಲರಿಗೂ ಎಆರ್‌ಟಿ ಕೇಂದ್ರದಲ್ಲಿ, ಅಂದರೆ ಸರ್ಕಾರದ ಎಚ್‌ಐವಿ ಚಿಕಿತ್ಸಾ ಕೇಂದ್ರದಲ್ಲಿ, ಗುಳಿಗೆ ಉಚಿತ. ಬಿಡದೆ ನುಂಗಿ, ರಕ್ತದಲ್ಲಿ ವೈರಸ್ ಪರೀಕ್ಷೆಗೂ ಸಿಗದಷ್ಟು ಇಳಿದು ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಹರಡುವುದಿಲ್ಲ.

ಗುಳಿಗೆ ಸಿಕ್ಕ ಮೇಲೆ ಶುರುವಾಗುವುದು ಬೇರೆಯೇ ಭಯ. ಗಂಡನನ್ನು ಕಳೆದುಕೊಂಡಿದ್ದ ಒಬ್ಬಾಕೆ ಕೇಳಿದ್ದು ಇಷ್ಟೇ: "ಅಕ್ಕಾ, ಅರ್ಜಿ ಹಾಕಿದ್ರೆ ಊರಿಗೆಲ್ಲ ಗೊತ್ತಾಗಲ್ವಾ?"

ಹಾಗಾಗಿ ಕಾಯಿಲೆಯ ಹೆಸರೇ ಬೇಡದ ಕಡೆಯಿಂದ ಶುರು ಮಾಡಿದೆವು. ವಿಧವಾ ವೇತನಕ್ಕೆ ಗಂಡನ ಮರಣ ಪತ್ರ, ಆಧಾರ್, ಆದಾಯ ಪತ್ರ ಇಂಥವು ಸಾಕು, ಎಚ್‌ಐವಿ ಅಂತ ಎಲ್ಲೂ ಬರೆಯಬೇಕಿಲ್ಲ. ನಾಡಕಚೇರಿಗೆ ಹೋಗಿ ಕೊಟ್ಟು ಬಂದೆವು, ಅಷ್ಟೇ. ಮಗುವಿಗೆ ಎಚ್‌ಐವಿ ಬಾಧಿತ ಮಕ್ಕಳಿಗೆ ನೆರವು ಕೊಡುವ ವಿಶೇಷ ಪಾಲನಾ ಯೋಜನೆ, ಆಕೆಗೆ ಎಚ್‌ಐವಿ ಇರುವ ಹೆಂಗಸರ ಸ್ವಂತ ಉದ್ಯೋಗಕ್ಕೆ ನೆರವಾಗುವ ಮಹಿಳಾ ಅಭಿವೃದ್ಧಿ ನಿಗಮದ ಧನಶ್ರೀ, ಇವೆರಡಕ್ಕೂ ಮಾತ್ರ ಕಾಯಿಲೆಯ ದಾಖಲೆ ಕೊಡಲೇಬೇಕು. ಇವನ್ನು ಊರಿನ ಗ್ರಾಮ ಒನ್‌ನಲ್ಲಿ ಹಾಕಿಸಬೇಡಿ, ಅಲ್ಲಿ ಕಂಪ್ಯೂಟರ್ ಮುಂದೆ ಕೂತವನು ನಿಮ್ಮ ಓಣಿಯವನೇ ಆಗಿರುತ್ತಾನೆ! ನಾವು ಎಆರ್‌ಟಿ ಕೇಂದ್ರದ ಆಪ್ತಸಮಾಲೋಚಕರ ಹತ್ತಿರ ಪತ್ರ ಬರೆಸಿಕೊಂಡು, ಸೀದಾ ಜಿಲ್ಲಾ ಕೇಂದ್ರದ ಕಚೇರಿಗೇ ಹೋದೆವು.

ಅಲ್ಲೊಬ್ಬರು ಎಲ್ಲರೆದುರು ರಿಪೋರ್ಟನ್ನು ಜೋರಾಗಿ ಓದಲು ಶುರು ಮಾಡಿದರು. ಎಚ್‌ಐವಿ ಇರುವವರ ವಿಷಯವನ್ನು ಒಪ್ಪಿಗೆಯಿಲ್ಲದೆ ಬಯಲು ಮಾಡುವುದು 2017ರ ಕಾಯ್ದೆ ಪ್ರಕಾರ ತಪ್ಪು, 2018ರ ಸೆಪ್ಟೆಂಬರ್‌ನಿಂದ ಅದು ಜಾರಿಯಲ್ಲೂ ಇದೆ ಅಂದೆ. ಜಗಳವಾಡಲಿಲ್ಲ, ಮೆಲ್ಲಗೇ ಹೇಳಿದೆ. ಕಾಗದ ಮಡಚಿ ಒಳಗಿಟ್ಟರು.

ಇನ್ನೊಂದು, ಇದನ್ನು ಯಾರೂ ಹೇಳಿಕೊಡುವುದಿಲ್ಲ. ಬ್ಯಾಂಕ್ ಖಾತೆಗೆ ಯಾರ ಮೊಬೈಲ್ ನಂಬರ್ ಜೋಡಿಸಿದೆ ಅಂತ ಮೊದಲೇ ನೋಡಿ. ಈಕೆಯ ಖಾತೆಗೆ ಇದ್ದದ್ದು ಮೈದುನನ ನಂಬರ್. ದುಡ್ಡು ಬಂದ ಮೆಸೇಜ್ ಅವನಿಗೆ ಹೋದರೆ ಯಾವ ಯೋಜನೆ, ಯಾಕೆ ಅಂತ ಪ್ರಶ್ನೆ ಶುರು. ನಂಬರ್ ಬದಲಿಸಿದ ಮೇಲೆಯೇ ಅರ್ಜಿಗೆ ಸಹಿ ಹಾಕಿಸಿದೆ. ಯಾರ ಹತ್ತಿರ ಕೇಳಲೂ ಮುಜುಗರ ಅನ್ನುವವರು ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ಕರೆ ಉಚಿತ.