ನೀತಿಪಾಠದ ಅವಧಿಯಲ್ಲಿ ಅರಿಸ್ಟಾಟಲನ ಮಾರ್ಗವನ್ನು ಅನುಸರಿಸುವ ಬಗೆ

ಕಥೆ ಹೇಳಿ, ಅದರ ನೀತಿಯನ್ನು ಕಪ್ಪುಹಲಗೆಯ ಮೇಲೆ ಬರೆದು, ಮಕ್ಕಳಿಂದ ನಕಲು ಮಾಡಿಸುವುದು ನಮ್ಮ ಶಾಲೆಗಳಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಸದ್ಗುಣದ ಬಗ್ಗೆ ಮಾತಾಡಿಯೇ ಒಳ್ಳೆಯವರಾಗುತ್ತೇವೆಂದು ನಂಬುವವರನ್ನು ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲನು ಕ್ರಿ.ಪೂ. 4ನೇ ಶತಮಾನದಲ್ಲೇ, ವೈದ್ಯನ ಮಾತನ್ನು ಗಮನವಿಟ್ಟು ಕೇಳಿಯೂ ಅವನು ಹೇಳಿದ್ದೊಂದನ್ನೂ ಮಾಡದ ರೋಗಿಗಳಿಗೆ ಹೋಲಿಸಿದ್ದನು. ಮನೆ ಕಟ್ಟುತ್ತ ಕಟ್ಟುತ್ತ ಮನುಷ್ಯನು ಕಟ್ಟಡದ ಕೆಲಸ ಕಲಿಯುವಂತೆ, ನ್ಯಾಯವಾಗಿ ನಡೆಯುತ್ತಲೇ ನ್ಯಾಯವಂತನಾಗುತ್ತಾನೆ ಎಂಬುದು ಅವನ ನಿಲುವು.

ಆದ್ದರಿಂದ ಮೊದಲು ಕೆಲಸವನ್ನು ಆರಿಸಿಕೊಳ್ಳಿ, ಗುಣದ ಹೆಸರನ್ನು ಆಮೇಲೆ ಹೇಳಿದರೆ ಸಾಕು. ನ್ಯಾಯಬುದ್ಧಿ ಬೆಳೆಯಬೇಕಾದರೆ ಆಟದ ಸಾಮಗ್ರಿ ಹಂಚುವ ಹೊಣೆಯನ್ನು ಒಂದು ತಿಂಗಳ ಕಾಲ ಸರದಿಯಂತೆ ಮಕ್ಕಳಿಗೇ ಒಪ್ಪಿಸಿ, ಅವರು ಎಡವಿದಲ್ಲಿ ತಿದ್ದಿ, ಮತ್ತೆ ಅವರ ಕೈಯಿಂದಲೇ ಮಾಡಿಸಿ.

ಎಲ್ಲ ಮಕ್ಕಳಿಗೂ ಒಂದೇ ಅಳತೆಯನ್ನು ಇಡಬೇಡಿ. ಇಡೀ ವಿಧಾನದಲ್ಲಿ ಅತ್ಯಂತ ಬೆಲೆಯುಳ್ಳ ಅಂಶ ಇದೆಂದು ನನಗೆ ಅನ್ನಿಸುತ್ತದೆ. ಅರಿಸ್ಟಾಟಲನೇ ಕೊಡುವ ಉದಾಹರಣೆಯಂತೆ, 10 ಮೀನಾ (ಪ್ರಾಚೀನ ಗ್ರೀಕರ ಒಂದು ತೂಕದ ಅಳತೆ) ಆಹಾರ ಹೆಚ್ಚು, 2 ಮೀನಾ ಕಡಿಮೆ ಎಂದ ಮಾತ್ರಕ್ಕೆ ತರಬೇತುದಾರನು ಪ್ರತಿಯೊಬ್ಬನಿಗೂ 6 ಮೀನಾ ಗೊತ್ತುಮಾಡುವುದಿಲ್ಲ; ಅಷ್ಟು ಆಹಾರ ಮಲ್ಲ ಮೈಲೋನಿಗೆ ಸಾಲದು, ಹೊಸಬನಿಗೆ ವಿಪರೀತ. ಧೈರ್ಯವು ಹೇಡಿತನಕ್ಕೂ ದುಡುಕಿಗೂ ನಡುವಿನದಾದರೂ ಆ ನಡು ಒಬ್ಬೊಬ್ಬರಿಗೆ ಒಂದೊಂದು ಕಡೆ ಇರುತ್ತದೆ. ಸೊಟ್ಟಗಾದ ಮರವನ್ನು ನೆಟ್ಟಗೆ ಮಾಡುವವರು ವಿರುದ್ಧ ದಿಕ್ಕಿಗೆ ಬಾಗಿಸುವಂತೆ, ಮಾತೇ ಆಡದ ಮಗುವಿನಿಂದ ದಿನಕ್ಕೊಂದು ಪ್ರಶ್ನೆ ಕೇಳಿಸಿ. ಎಲ್ಲದಕ್ಕೂ ಮೊದಲು ಬಾಯಿ ಹಾಕುವ ಮಗುವಿಗೆ ಮೂವರ ಮಾತು ಮುಗಿಯುವವರೆಗೆ ಕಾಯುವುದನ್ನು ಅಭ್ಯಾಸ ಮಾಡಿಸಿ.

ಅಭ್ಯಾಸವೆಂದರೆ ದಂಡನೆಯಲ್ಲ. ಶಿಕ್ಷಣವನ್ನು ರಾಜ್ಯದ ಹೊಣೆಯೆಂದು ಬಗೆದ ಗ್ರೀಕ್ ನಗರರಾಜ್ಯ ಸ್ಪಾರ್ಟಾವನ್ನು ಮೆಚ್ಚಿದ ಅರಿಸ್ಟಾಟಲನೇ, ಅಲ್ಲಿನ ಕಠೋರ ತರಬೇತಿ ಮಕ್ಕಳನ್ನು ಮೃಗಸದೃಶರನ್ನಾಗಿ ಮಾಡುತ್ತದೆಂದು ಟೀಕಿಸಿದನು. ಆದರೆ ಗುಲಾಮಗಿರಿಯನ್ನು ಸಮರ್ಥಿಸಿದವನೂ ಅವನೇ ಆದ್ದರಿಂದ, ಅವನ ವಿಧಾನವನ್ನು ಮಾತ್ರ ತೆಗೆದುಕೊಂಡು ಪ್ರತಿಯೊಂದು ಮಗುವಿಗೂ ಸಮಾನ ಸ್ಥಾನ ಕೊಡುವುದು ನಮ್ಮ ಕರ್ತವ್ಯ.

ಪ್ರೌಢಶಾಲೆಯ ಮಕ್ಕಳೊಂದಿಗೆ ಅಭ್ಯಾಸದ ಬಳಿಕ ಚರ್ಚೆಯನ್ನೂ ನಡೆಸಿ. ಅರಿಸ್ಟಾಟಲನ ಗುರು ಪ್ಲೇಟೋನ ‘ಲ್ಯಾಕೀಸ್’ ಸಂವಾದ ಇದಕ್ಕೆ ಬಹಳ ಒದಗುತ್ತದೆ: ತನ್ನ ಜಾಗ ಬಿಟ್ಟು ಕದಲದೆ ಹೋರಾಡುವವನೇ ಧೀರನೆಂದು ಸೇನಾನಿಯೊಬ್ಬನು ಹೇಳಿದಾಗ, ಹಿಂದೆ ಸರಿಯುತ್ತಲೇ ಕಾದುವ ಸಿಥಿಯನ್ ಎಂಬ ಅಲೆಮಾರಿ ಜನಾಂಗದ ಅಶ್ವಾರೋಹಿಗಳ ಮಾತೇನು ಎಂದು ಸಾಕ್ರೆಟೀಸ್ ಕೇಳುತ್ತಾನೆ. ಆ ಸಂವಾದ ಧೈರ್ಯಕ್ಕೆ ಒಂದು ಲಕ್ಷಣವನ್ನು ನಿರ್ಣಯಿಸದೆಯೇ ಮುಗಿಯುತ್ತದೆ. ನಿಮ್ಮ ತರಗತಿಯ ಚರ್ಚೆಯೂ ಹಾಗೆಯೇ ನಿಂತರೆ, ಅವಸರದಿಂದ ನೀತಿವಾಕ್ಯವೊಂದನ್ನು ಬರೆಸದೆ, ಆ ಪ್ರಶ್ನೆಯನ್ನು ಮುಂದಿನ ವಾರದವರೆಗೆ ಹಲಗೆಯ ಮೇಲೆ ಹಾಗೆಯೇ ಉಳಿಸಿ.