ಗೇಮಿಂಗ್ ಪಿಸಿ: ಮೊದಲು ರ‍್ಯಾಮ್, ಆಮೇಲೆ ವ್ಯಾಟ್, ಕೊನೆಗೆ ಫ್ಯಾನ್

ಪಿಸಿ ಬಿಸಿಯಾಗುತ್ತಿದೆ ಎಂದ ಕೂಡಲೇ ಹೆಚ್ಚಿನವರು ಹೊಸ ಕೂಲರ್‌ನ ರೇಟು ವಿಚಾರಿಸಲು ಹೊರಡುತ್ತಾರೆ. ಅದು ಕಟ್ಟಕಡೆಗೆ ಮಾಡುವ ಕೆಲಸ. ಅದಕ್ಕೆ ಮೊದಲು ಕಾಸು ಖರ್ಚಿಲ್ಲದೆ ಬಯಾಸ್‌ನಲ್ಲೇ, ಅಂದರೆ ಮದರ್‌ಬೋರ್ಡ್‌ನ ಮೂಲ ಸೆಟ್ಟಿಂಗ್ ಪುಟಗಳಲ್ಲೇ, ಮಾಡಬಹುದಾದದ್ದು ಬೇಕಾದಷ್ಟಿದೆ.

ನಮ್ಮ ಕಡೆಯ ಹವೆಯನ್ನು ಲೆಕ್ಕಕ್ಕೆ ಹಿಡಿಯದೆ ಮಾತ್ರ ಈ ಕೆಲಸ ಆಗುವುದಿಲ್ಲ. ಏಪ್ರಿಲ್ ಮಧ್ಯಾಹ್ನ ಶಿವಮೊಗ್ಗ ಪೇಟೆಯ ಆರ್‌ಸಿಸಿ ಮನೆಯ ಮಹಡಿ ಕೋಣೆ 35 ಡಿಗ್ರಿ ದಾಟಿರುತ್ತದೆ. ಆಗಸ್ಟ್‌ನ ಜಡಿಮಳೆಯಲ್ಲಿ ತೀರ್ಥಹಳ್ಳಿ ಕಡೆಯ ಹೆಂಚಿನ ಮನೆಯೊಳಗೆ 24ರ ಆಸುಪಾಸು. ಕೋಣೆ ಎಷ್ಟು ಡಿಗ್ರಿ ಏರುತ್ತದೋ ಪ್ರೊಸೆಸರ್ ಕೂಡ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಎಸಿ ಹಾಕಿಕೊಂಡು ಕೂತ ಯೂಟ್ಯೂಬರ್ 65 ಡಿಗ್ರಿ ತೋರಿಸಿದ ಎಂದು ನೀವು ತಲೆಬಿಸಿ ಮಾಡಿಕೊಳ್ಳಬೇಕಿಲ್ಲ.

ಬಿಸಿ ಎಷ್ಟಾದರೆ ಹೆಚ್ಚು? ಎಎಂಡಿಯ ರೈಜೆನ್ 5 5600 ಪ್ರೊಸೆಸರ್‌ಗೆ ಕಂಪನಿ ಹಾಕಿರುವ ಗರಿಷ್ಠ ಮಿತಿ 90 ಡಿಗ್ರಿ, 7600ಎಕ್ಸ್‌ಗೆ 95, ಇಂಟೆಲ್‌ನ 12ರಿಂದ 14ನೇ ತಲೆಮಾರಿನ ಡೆಸ್ಕ್‌ಟಾಪ್ ಚಿಪ್‌ಗಳಿಗೆ ಸಾಮಾನ್ಯವಾಗಿ 100. ಆಟದ ವೇಳೆ 75-80 ಇದ್ದರೆ ಬೇಸಿಗೆಯಲ್ಲಿ ಅದು ತಕರಾರಲ್ಲ. ಮಿತಿ ಮುಟ್ಟಿ ಕ್ಲಾಕ್ (ಪ್ರೊಸೆಸರ್ ಓಡುವ ವೇಗ) ಕೆಳಗಿಳಿಯತೊಡಗಿದಾಗ ಮಾತ್ರ ಆಟ ಮುಗ್ಗರಿಸುತ್ತದೆ.

ಅಳೆಯದೆ ಕೈ ಹಾಕಬೇಡಿ

ಎಚ್‌ಡಬ್ಲ್ಯುಇನ್ಫೊ ಎಂಬ ತಂತ್ರಾಂಶ ಇಳಿಸಿಕೊಂಡು ಪ್ರೊಸೆಸರ್‌ನ ಉಷ್ಣಾಂಶ, ಪ್ಯಾಕೇಜ್ ಪವರ್ (ಅದು ಎಳೆಯುವ ವ್ಯಾಟ್), ಎಫೆಕ್ಟಿವ್ ಕ್ಲಾಕ್ (ಅದು ನಿಜಕ್ಕೂ ಓಡುವ ವೇಗ) ಈ ಮೂರನ್ನು ಗಮನಿಸಿ. ಎಂಎಸ್‌ಐ ಆಫ್ಟರ್‌ಬರ್ನರ್‌ನಲ್ಲಿ ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ), ಒಂದು ಪರ್ಸೆಂಟ್ ಲೋ (ಆಟ ತೀರಾ ನಿಧಾನವಾದ ಕ್ಷಣಗಳ ಎಫ್‌ಪಿಎಸ್) ಮತ್ತು ಗ್ರಾಫಿಕ್ಸ್ ಕಾರ್ಡ್‌ನ ಬಳಕೆ ಪರದೆಯ ಮೂಲೆಯಲ್ಲಿ ಕಾಣುವಂತೆ ಮಾಡಿ. ನೀವು ದಿನಾ ಆಡುವ ಆಟವನ್ನೇ ಅರ್ಧ ಗಂಟೆ ಆಡಿ, ಅಂಕಿಗಳನ್ನು ಬರೆದಿಟ್ಟುಕೊಳ್ಳಿ.

ಗ್ರಾಫಿಕ್ಸ್ ಕಾರ್ಡ್ ಸದಾ 97-99 ಶೇಕಡಾ ದುಡಿಯುತ್ತಿದ್ದರೆ ರ‍್ಯಾಮ್, ಪ್ರೊಸೆಸರ್ ಎಷ್ಟು ತಿದ್ದಿದರೂ ಸರಾಸರಿ ಎಫ್‌ಪಿಎಸ್ ಹೆಚ್ಚೇನೂ ಏರುವುದಿಲ್ಲ. ವ್ಯಾಲೊರಂಟ್, ಕೌಂಟರ್‌ಸ್ಟ್ರೈಕ್ 2 ಥರದ ಆಟಗಳನ್ನು ಕಡಿಮೆ ಸೆಟ್ಟಿಂಗ್‌ನಲ್ಲಿ ಆಡುವವರಿಗೆ ಮಾತ್ರ ಮುಂದಿನ ಕಸರತ್ತಿನ ಪೂರ್ಣ ಫಲ. ಉಳಿದವರು ಬಿಸಿ ಮತ್ತು ಸದ್ದು ಇಳಿಸುವ ಮಟ್ಟಿಗೆ ಓದಿಕೊಳ್ಳಿ.

ರ‍್ಯಾಮ್: ಕೊಟ್ಟ ದುಡ್ಡಿನ ವೇಗ ಸಿಗುತ್ತಿದೆಯೇ?

ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ ಒತ್ತಿ. ಡಬ್ಬಿಯ ಮೇಲೆ 3200 ಎಂದಿದ್ದು ಅಲ್ಲಿ 2133, 2400 ಅಥವಾ 2666 ಕಂಡರೆ, ಪಿಸಿ ಜೋಡಿಸಿದವರು ಎಕ್ಸ್‌ಎಂಪಿ (ರ‍್ಯಾಮನ್ನು ಡಬ್ಬಿಯ ಮೇಲಿನ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆನ್ ಮಾಡದೆ ಕೊಟ್ಟಿರುವ ಸಾಧ್ಯತೆಯೇ ಹೆಚ್ಚು. ಇದು ಎಷ್ಟು ಸಾಮಾನ್ಯ ಎಂದರೆ, ಯಾರ ಮನೆಯ ಗೇಮಿಂಗ್ ಪಿಸಿ ನೋಡಿದರೂ ನಾನು ಮೊದಲು ತೆರೆಯುವುದು ಈ ಪುಟವನ್ನೇ. ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಆನ್ ಮಾಡಿ. ಎಎಂಡಿ ಬೋರ್ಡ್‌ಗಳಲ್ಲಿ ಅದಕ್ಕೆ ಡಿಒಸಿಪಿ ಅಥವಾ ಎಕ್ಸ್‌ಪೋ ಎಂಬ ಹೆಸರೂ ಇರುತ್ತದೆ.

ನಾಲ್ಕು ಸ್ಲಾಟ್‌ನ ಬೋರ್ಡ್‌ನಲ್ಲಿ ಎರಡು ಸ್ಟಿಕ್ ಇದ್ದರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ನಲ್ಲಿರಬೇಕು. ಅಲ್ಲಿ ಅಕ್ಕಪಕ್ಕ ಕೂರಿಸಿದ್ದರೆ ಡ್ಯುಯಲ್ ಚಾನೆಲ್ (ಎರಡೂ ಸ್ಟಿಕ್ ಒಟ್ಟಿಗೆ ದುಡಿಯುವ ವ್ಯವಸ್ಥೆ) ಸಿಗುವುದಿಲ್ಲ. 16 ಜಿಬಿಯ ಒಂದೇ ಸ್ಟಿಕ್‌ಗಿಂತ 8ರ ಎರಡು ಮೇಲು.

ವೇಗದ ಅಂಕಿಯೊಂದನ್ನೇ ನೋಡಿ ರ‍್ಯಾಮ್ ಕೊಳ್ಳುವವರೇ ಹೆಚ್ಚು. ವಿಳಂಬ ಸೂಚಿಸುವ ಸಿಎಲ್ ಅಂಕಿಯನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿದರೆ ನ್ಯಾನೊಸೆಕೆಂಡ್ ಲೆಕ್ಕದಲ್ಲಿ ವಿಳಂಬ ಸಿಗುತ್ತದೆ. ಸಿಎಲ್ 16ರ 3200ಕ್ಕೆ 10, ಸಿಎಲ್ 18ರ 3600ಕ್ಕೂ 10, ಸಿಎಲ್ 30ರ ಡಿಡಿಆರ್5 6000ಕ್ಕೂ 10. ಅದೇ ಸಿಎಲ್ 22ರ 3200 ಆದರೆ 13.75. ಹೆಸರಿಗೆ ಎರಡೂ 3200, ಆದರೆ ಪ್ರೊಸೆಸರ್ ಕಾಯುವ ಹೊತ್ತು ಬೇರೆ.

ಹಾಗೆಂದು ಮೇಲೆ ಮೇಲೆ ಹೋಗುವುದೂ ಜಾಣತನವಲ್ಲ. ರೈಜೆನ್ 5000 ಸರಣಿಯಲ್ಲಿ ಪ್ರೊಸೆಸರ್‌ನ ಒಳಗಿನ ಭಾಗಗಳನ್ನು ಜೋಡಿಸುವ ಇನ್ಫಿನಿಟಿ ಫ್ಯಾಬ್ರಿಕ್ ರ‍್ಯಾಮ್‌ನ ಅರ್ಧ ಅಂಕಿಯಲ್ಲಿ ಓಡಿದರೆ ಚೆಂದ: 3600ಕ್ಕೆ 1800 ಮೆಗಾಹರ್ಟ್ಸ್. 4000 ಹಾಕಿದರೆ 2000 ಬೇಕು, ಬಹಳಷ್ಟು ಚಿಪ್‌ಗಳು ಅಲ್ಲಿಗೆ ಮುಟ್ಟುವುದಿಲ್ಲ. ಹೊಂದಾಣಿಕೆ ತಪ್ಪಿದರೆ ದುಬಾರಿ ರ‍್ಯಾಮೇ ನಿಧಾನ. ಎಎಂ5 ಬೋರ್ಡ್‌ಗಳಿಗೆ (ರೈಜೆನ್ 7000 ಮತ್ತು ಆಮೇಲಿನ ಚಿಪ್‌ಗಳು ಕೂರುವಂಥವು) 6000 ಸಾಕು. ಈ ಬೋರ್ಡ್‌ಗಳಲ್ಲಿ ಎಕ್ಸ್‌ಪೋ ಆನ್ ಮಾಡಿದ ಮೊದಲ ಸಲ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು. ರ‍್ಯಾಮ್ ಟ್ರೇನಿಂಗ್ (ಹೊಸ ವೇಗಕ್ಕೆ ಬೋರ್ಡ್ ಹೊಂದಿಸಿಕೊಳ್ಳುವ ಕೆಲಸ) ನಡೆದಿರುತ್ತದೆ, ಗಾಬರಿಯಾಗಿ ಸ್ವಿಚ್ ತೆಗೆಯಬೇಡಿ.

ಬಯಾಸ್ ಹಳೆಯದಾಗಿದ್ದರೆ ಮೊದಲು ಅದನ್ನು ಅಪ್‌ಡೇಟ್ ಮಾಡಿ. 2023ರಲ್ಲಿ ರೈಜೆನ್ 7000ದ ಕೆಲವು ಚಿಪ್‌ಗಳು ಸುಟ್ಟ ಮೇಲೆ ಎಎಂಡಿ ಎಸ್‌ಒಸಿ ವೋಲ್ಟೇಜನ್ನು (ಪ್ರೊಸೆಸರ್‌ನೊಳಗೆ ರ‍್ಯಾಮ್ ನಿಭಾಯಿಸುವ ಭಾಗಕ್ಕೆ ಹೋಗುವುದು) 1.3 ವೋಲ್ಟ್‌ಗೆ ಕಟ್ಟಿಹಾಕಿತು. ಇಂಟೆಲ್ ಕೂಡ 13, 14ನೇ ತಲೆಮಾರಿನ ಚಿಪ್‌ಗಳು ಕೆಡುತ್ತಿದ್ದುದಕ್ಕೆ 2024ರ ಆಗಸ್ಟ್‌ನಲ್ಲಿ 0x129 ಮೈಕ್ರೊಕೋಡ್ (ಬಯಾಸ್ ಅಪ್‌ಡೇಟ್ ಮೂಲಕ ಬರುವ ಚಿಪ್‌ನ ತಿದ್ದುಪಡಿ) ಕೊಟ್ಟಿತು. ಆದರೆ ಗುಡುಗು ಮಳೆಯ ಸಂಜೆ, ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೂರಬೇಡಿ. ಅರ್ಧದಲ್ಲಿ ಕರೆಂಟು ಹೋದರೆ ಬೋರ್ಡ್ ಏಳದೇ ಹೋಗಬಹುದು.

ವ್ಯಾಟ್ ಇಳಿಸಿದರೆ ಆಟ ಇಳಿಯುವುದಿಲ್ಲ

105 ವ್ಯಾಟ್ ಎಂದು ಬರೆದ ರೈಜೆನ್ ಚಿಪ್ ನಿಜಕ್ಕೂ 142 ವ್ಯಾಟ್‌ವರೆಗೆ ಎಳೆಯುತ್ತದೆ. ಬಯಾಸ್‌ನ ಇಕೊ ಮೋಡ್‌ನಲ್ಲಿ 65 ಆರಿಸಿದರೆ ಮಿತಿ 88ಕ್ಕೆ ಇಳಿಯುತ್ತದೆ. ವಿಡಿಯೊ ರೆಂಡರ್ ಮಾಡುವವರಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಆಟಗಳು ಎಲ್ಲ ಕೋರ್‌ಗಳನ್ನೂ ಒಟ್ಟಿಗೆ ಹಿಂಡುವುದು ಕಡಿಮೆ, ಹಾಗಾಗಿ ಅಲ್ಲಿ ನಷ್ಟ ಅತ್ಯಲ್ಪ. ಇಂಟೆಲ್‌ನಲ್ಲಿ ಇದೇ ಕೆಲಸಕ್ಕೆ ಪಿಎಲ್1, ಪಿಎಲ್2 ಎಂಬ ವ್ಯಾಟ್ ಮಿತಿಗಳಿವೆ. 14700ಕೆಯ ಗರಿಷ್ಠ ಮಿತಿ 253 ವ್ಯಾಟ್. ಬೇಸಿಗೆಗೆ 125ರಿಂದ 150ರೊಳಗೆ ಇಟ್ಟು ನೋಡಿ.

5600ರ ಮಿತಿ ಹೇಗೂ 76 ವ್ಯಾಟ್. ಅಲ್ಲಿ ವೋಲ್ಟೇಜ್ ಇಳಿಸುವ ಕರ್ವ್ ಆಪ್ಟಿಮೈಸರ್‌ನಿಂದ ಲಾಭ ಹೆಚ್ಚು. ಬಯಾಸ್‌ನ ಪಿಬಿಒ ಪುಟದೊಳಗೆ ಆಲ್ ಕೋರ್, ನೆಗೆಟಿವ್ ಎಂದಿಟ್ಟು 10ರಿಂದ ಶುರು ಮಾಡಿ, ಐದೈದರಂತೆ ಮುಂದುವರಿಯಿರಿ. 30 ಕೊನೆ, ಎಲ್ಲ ಚಿಪ್‌ಗಳೂ ಅಲ್ಲಿಗೆ ಹೋಗುವುದಿಲ್ಲ. ಎ520 ಬೋರ್ಡ್‌ಗಳಲ್ಲಿ ಈ ಸೌಲಭ್ಯ ಸಾಮಾನ್ಯವಾಗಿ ಇರುವುದಿಲ್ಲ.

ಪರೀಕ್ಷೆಗೆ ಹೊತ್ತು ನೋಡಿಕೊಳ್ಳಿ. ಚಿಪ್ ತಣ್ಣಗಿದ್ದಷ್ಟೂ ಬೂಸ್ಟ್ (ಅದು ತಾನಾಗಿ ಏರಿಸಿಕೊಳ್ಳುವ ವೇಗ) ಮೇಲೇರುತ್ತದೆ, ಕಡಿಮೆ ಮಾಡಿದ ವೋಲ್ಟೇಜ್ ಆಗಲೇ ಸಾಲದೆ ಬರುತ್ತದೆ. ಪ್ರೊಸೆಸರ್ ಪರೀಕ್ಷಿಸುವ ಸಿನೆಬೆಂಚ್ ತಂತ್ರಾಂಶ ಹತ್ತು ನಿಮಿಷ ಓಡಿ ಪಾಸಾದ ಪಿಸಿ, ಡಿಸೆಂಬರ್ ಬೆಳಗಿನ ಚಳಿಯಲ್ಲಿ ಬ್ರೌಸರ್ ತೆರೆದಿದ್ದಾಗ ತಾನಾಗಿ ರೀಸ್ಟಾರ್ಟ್ ಆದರೆ ಐದು ಅಂಕ ಹಿಂದೆ ಬನ್ನಿ. ರ‍್ಯಾಮ್‌ನದ್ದು ತದ್ವಿರುದ್ಧ: ಅದು ತಪ್ಪುವುದು ಸಾಮಾನ್ಯವಾಗಿ ಬಿಸಿಯಲ್ಲಿ. ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಅನ್ನು ಬೇಸಿಗೆಯ ಮಧ್ಯಾಹ್ನ ಓಡಿಸಿ. ಒಂದೇ ಒಂದು ಎರರ್ ಬಂದರೂ ಎಕ್ಸ್‌ಎಂಪಿ ವೇಗವನ್ನು ಒಂದು ಮೆಟ್ಟಿಲು ಇಳಿಸಿ. ಆಗಸ್ಟ್‌ನಲ್ಲಿ ಕೂರಿಸಿದ ಸೆಟ್ಟಿಂಗ್ ಏಪ್ರಿಲ್‌ನಲ್ಲಿ ಕೈಕೊಟ್ಟಿತೆಂದು ಗೊಣಗುವವರು ಈ ಎರಡರಲ್ಲಿ ಒಂದನ್ನು ಬಿಟ್ಟಿರುತ್ತಾರೆ.

ಈಗ ಫ್ಯಾನ್

ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದು ಆಡಿ ನೋಡಿ. ಉಷ್ಣಾಂಶ ಐದಾರು ಡಿಗ್ರಿ ಇಳಿದರೆ ತೊಂದರೆ ಕೂಲರ್‌ನದ್ದಲ್ಲ, ಗಾಳಿ ಓಡಾಟದ್ದು: ಮುಂದಿನಿಂದ ಎಳೆದುಕೊಳ್ಳಲು ಒಂದೆರಡು ಫ್ಯಾನ್, ಹಿಂದಿನಿಂದ ತಳ್ಳಲು ಒಂದು ಇರಲಿ. ಇಳಿಯದಿದ್ದರೆ ಪ್ರೊಸೆಸರ್ ಮತ್ತು ಕೂಲರ್ ನಡುವಿನ ಪೇಸ್ಟ್ ಒಣಗಿರಬಹುದು. ಹಳೆಯದನ್ನು ಒರೆಸಿ ಬಟಾಣಿ ಕಾಳಿನಷ್ಟು ಹೊಸದು ಹಾಕಿ. ಅಡಿಕೆ ಸುಲಿಯುವ ಕಾಲದಲ್ಲಿ ಮನೆ ತುಂಬ ಹಾರುವ ಸಿಪ್ಪೆಯ ನಾರು, ಧೂಳು ಫಿಲ್ಟರ್‌ನಲ್ಲಿ ಮೆತ್ತೆಯಂತೆ ಕೂರುತ್ತದೆ. ಆ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆ ಫಿಲ್ಟರ್ ತೆಗೆದು ಕೊಡವಿ.

ಮಳೆಗಾಲದಲ್ಲಿ ಕಾಟ ಕೊಡುವುದು ಬಿಸಿಯಲ್ಲ, ತೇವ. ಪಿಸಿಯನ್ನು ಥಂಡಿ ಹಿಡಿದ ಗೋಡೆಗೆ ಒತ್ತಿ ನೆಲದ ಮೇಲೆ ಇಡಬೇಡಿ. ಆಡದಿದ್ದರೂ ಆಗಾಗ ಒಂದು ಗಂಟೆ ಆನ್ ಮಾಡಿಡಿ. ಸಿಡಿಲಿನ ದಿನ ಪ್ಲಗ್ ಜೊತೆಗೆ ಇಂಟರ್‌ನೆಟ್ ಕೇಬಲ್ಲನ್ನೂ ಕಿತ್ತಿಡಿ. ಬೋರ್ಡ್ ಸುಡುವ ಸಿಡಿಲು ಆ ದಾರಿಯಲ್ಲೂ ಬರುತ್ತದೆ.

ಎಲ್ಲ ಕೂತ ಮೇಲೆ ಬಯಾಸ್‌ನಲ್ಲಿ ಎರಡು ಪ್ರೊಫೈಲ್ ಉಳಿಸಿ, ಬೇಸಿಗೆಗೆ ವ್ಯಾಟ್ ಕಡಿಮೆ ಇರುವುದೊಂದು, ಉಳಿದ ತಿಂಗಳಿಗೊಂದು. ಬಯಾಸ್ ಅಪ್‌ಡೇಟ್ ಮಾಡಿದಾಗ ಇವು ಅಳಿಸಿಹೋಗಬಹುದಾದ್ದರಿಂದ ಸೆಟ್ಟಿಂಗ್ ಪುಟಗಳ ಫೋಟೊ ಮೊಬೈಲ್‌ನಲ್ಲಿ ಇರಲಿ.